ಕೊಬ್ಬಿನ ಚೂರು ಮತ್ತು ಒಪ್ಪಿಗೆಯ ಕಾಗದ

ಕೆಲವು ದಿನಗಳ ಹಿಂದೆ ಅಡಿಕೆ ತೋಟದ ಕೆಲಸದ ಹಿರಿಯರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಅವರ ಮಗ ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಯಂತ್ರಕ್ಕೆ ಕೈ ಸಿಕ್ಕಿ, ಅಂಗೈಯ ಹಿಂಭಾಗದ ಚರ್ಮ ಕಿತ್ತುಬಂದು, ಕೊಯಮತ್ತೂರಿನ ಆಸ್ಪತ್ರೆಯೊಂದರಲ್ಲಿ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ದೇವರ ದಯೆಯಿಂದಲೂ ವೈದ್ಯರ ಕೈಗುಣದಿಂದಲೂ ಕೈ ಉಳಿದಿದೆ. ಹಿರಿಯರು ಕಿಸೆಯಿಂದ ಮಡಚಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಮಾಸ್ಟ್ರೇ, ಇಂಥಾದ್ದಕ್ಕೆ ನಾನು ರುಜು ಹಾಕಿ ಬಂದಿದ್ದೇನೆ. ಇದರಲ್ಲಿ ಏನುಂಟು ಅಂತ ಈಗಲಾದರೂ ಓದಿ ಹೇಳಿ" ಎಂದರು.

ಕಾಗದ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಇತ್ತು. ಹಿರಿಯರಿಗೆ ಎರಡೂ ಬಾರದು. ಅರಿವಳಿಕೆಯ ಅಪಾಯ, ರಕ್ತ ಕೊಡುವ ವಿಚಾರ ಎಲ್ಲ ಆದ ಮೇಲೆ ಕೆಳಗಡೆ ಒಂದು ಸಾಲು: ಶಸ್ತ್ರಚಿಕಿತ್ಸೆಯಲ್ಲಿ ತೆಗೆದ, ರೋಗಿಗೆ ಬೇಡವಾದ ಅಂಗಾಂಶವನ್ನು ಸಂಶೋಧನೆಗೂ ಶಿಕ್ಷಣಕ್ಕೂ ಬಳಸಲು ನಮ್ಮ ಒಪ್ಪಿಗೆ ಇದೆ. ಅದನ್ನು ಕನ್ನಡದಲ್ಲಿ ಹೇಳಿದೆವು. "ಬೇಡವಾದದ್ದು ಅಂದರೆ ಏನು?" ಎಂದು ಅವರು ಕೇಳಿದರು. ತೊಡೆಯ ಚರ್ಮವನ್ನು ಕೈಗೆ ಹೊದಿಸುವಾಗ ಅದರ ಅಡಿಯ ಕೊಬ್ಬು ದಪ್ಪವಾಗಿ ಉಬ್ಬಿಕೊಳ್ಳುತ್ತದೆ, ಅದನ್ನು ಆಮೇಲೆ ತೆಳುಮಾಡಿ ತೆಗೆಯುತ್ತಾರೆ, ಹೆಚ್ಚಾಗಿ ಅದೇ ಇರಬಹುದು ಎಂದೆವು. ಹಿರಿಯರು ನಕ್ಕುಬಿಟ್ಟರು. "ಕೊಬ್ಬಿನಿಂದ ಯಾರಿಗೆ ಏನು ಉಪಕಾರ?"

ಪ್ರಶ್ನೆ ಸರಳವಾದುದು. ಆದರೆ ಅದಕ್ಕೆ ಉತ್ತರ ಹೇಳಹೊರಟರೆ ಈ ಕಾಲದ ವೈದ್ಯವಿಜ್ಞಾನದ ಒಂದು ದೊಡ್ಡ ತೊಡಕಿನ ಬಳಿಗೇ ಹೋಗಬೇಕಾಗುತ್ತದೆ. ಮಂಗಳೂರಿನಿಂದ ಹೊರಟು ಕಾಸರಗೋಡನ್ನು ಹಾದು ಕೊಯಮತ್ತೂರಿಗೆ ಹೋಗುವ ರೈಲುಗಳಲ್ಲಿ ನಮ್ಮವರು ಕೆಲಸಕ್ಕೂ ವ್ಯಾಪಾರಕ್ಕೂ ಚಿಕಿತ್ಸೆಗೂ ಹೋಗಿಬರುತ್ತಿರುವುದರಿಂದ ಈ ಉತ್ತರ ನಮ್ಮ ಓದುಗರಿಗೆಲ್ಲ ತಿಳಿದಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ದೇಹದ ಯಾವುದೇ ಭಾಗ ಬದುಕಿರಬೇಕಾದರೆ ಅದಕ್ಕೆ ನೆತ್ತರು ತಲುಪಬೇಕು. ಇದು ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ಮಾತು. ವಿಜ್ಞಾನಿಗಳು ಇದಕ್ಕೊಂದು ಅಳತೆಯನ್ನೂ ಹೇಳುತ್ತಾರೆ. ಅತಿ ಸಣ್ಣ ರಕ್ತನಾಳದಿಂದ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ದೂರದೊಳಗೆ ಇದ್ದರೆ ಮಾತ್ರ ಜೀವಕೋಶಕ್ಕೆ ಆಮ್ಲಜನಕ ಸಿಗುತ್ತದೆ. ಅದಕ್ಕಿಂತ ದೂರವಾದರೆ ಕೋಶ ಉಸಿರುಕಟ್ಟಿ ಸಾಯುತ್ತದೆ. ತೆಳುವಾದ ಚರ್ಮವನ್ನು ತೆಗೆದು ಗಾಯದ ಮೇಲೆ ಅಂಟಿಸಿದರೆ ಅದು ಹಿಡಿದುಕೊಳ್ಳುವುದೇಕೆ? ಮೊದಲ ಒಂದೆರಡು ದಿನ ಗಾಯದ ರಸವನ್ನೇ ಹೀರಿಕೊಂಡು ಬದುಕಿ, ಅಷ್ಟರೊಳಗೆ ಗಾಯದ ತಳದ ನಾಳಗಳೊಂದಿಗೆ ತನ್ನ ನಾಳಗಳನ್ನು ಕೂಡಿಸಿಕೊಳ್ಳುವುದರಿಂದ. ದಪ್ಪ ಮಾಂಸಕ್ಕೆ ಈ ಉಪವಾಸ ಸಾಧ್ಯವಿಲ್ಲ.

ಇದನ್ನು ನಮ್ಮ ದೇಶದ ಹಳೆಯ ವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗು ಕಳೆದುಕೊಂಡನು. ಕೊಯಮತ್ತೂರು ಆಗ ಮೈಸೂರಿನ ಸೀಮೆಯೇ ಆಗಿತ್ತು. ಮುಂದೆ ಪುಣೆಯ ಕಡೆಯ ದೇಶೀ ವೈದ್ಯನೊಬ್ಬನು ಅವನ ಹಣೆಯ ಚರ್ಮವನ್ನು ಕೆಳಗೆ ಮಡಚಿ ಹೊಸ ಮೂಗು ಕಟ್ಟಿಕೊಟ್ಟನು. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಪತ್ರಿಕೆ ಈ ಸಂಗತಿಯನ್ನು ಚಿತ್ರಸಹಿತ ಪ್ರಕಟಿಸಿತು. ಅದನ್ನು ಓದಿ ಕಲಿತ ಕಾರ್ಪ್ಯೂ ಎಂಬ ಆಂಗ್ಲ ವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮವನ್ನು ನಡೆಸಿದ. ಇದರ ಗುಟ್ಟೇನು? ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸದೆ ಹುಬ್ಬಿನ ನಡುವೆ ಒಂದು ತೊಟ್ಟು ಉಳಿಸಿಕೊಳ್ಳುವುದು. ತೊಟ್ಟಿನ ಮೂಲಕ ನೆತ್ತರು ಹರಿಯುತ್ತಿರುವಷ್ಟು ದಿನ ಹೊಸ ಮೂಗು ಬದುಕುತ್ತದೆ, ಅಷ್ಟರಲ್ಲಿ ಬೇರು ಬಿಡುತ್ತದೆ. ತೋಟದಲ್ಲಿ ಗೂಟಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೊಟ್ಟಿಲ್ಲದೆ ದೂರದ ಮಾಂಸವನ್ನು ತಂದು ಕೂಡಿಸಬೇಕಾದರೆ ನಾಳಕ್ಕೆ ನಾಳವನ್ನು ಹೊಲಿಯಬೇಕು. ಈ ವಿದ್ಯೆಯ ಚರಿತ್ರೆಯಲ್ಲಿ ವೈದ್ಯರಷ್ಟೇ ಸ್ಥಾನ ನೂಲಿನ ಕೆಲಸದವರಿಗೂ ಇದೆಯೆಂಬುದು ಬಹಳ ಮಂದಿಗೆ ತಿಳಿಯದು. ಫ್ರಾನ್ಸಿನ ಲಿಯೋನ್ ಪಟ್ಟಣ ರೇಷ್ಮೆಗೆ ಹೆಸರಾದುದು. ಅಲ್ಲಿನ ಅಲೆಕ್ಸಿ ಕ್ಯಾರೆಲ್ ಎಂಬ ತರುಣ ವೈದ್ಯ ಕಸೂತಿಯ ಹೆಂಗಸೊಬ್ಬಳಿಂದ ನಯವಾದ ಹೊಲಿಗೆ ಕಲಿತು, ರಕ್ತನಾಳಗಳನ್ನು ಜೋಡಿಸುವ ಕ್ರಮ ಕಂಡುಹಿಡಿದ. 1912ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. 1950ರ ದಶಕದ ಆರಂಭದಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಮೈಕೆಲ್ ಡಿಬೇಕಿ ಅಂಗಡಿಗೆ ನೈಲಾನ್ ಬಟ್ಟೆ ತರಲು ಹೋದರು. ನೈಲಾನ್ ಮುಗಿದಿತ್ತು. ಇದ್ದ ಡೆಕ್ರಾನ್ ಬಟ್ಟೆಯನ್ನೇ ತಂದು, ಎಳೆಯದರಲ್ಲಿ ತಾಯಿ ಕಲಿಸಿದ್ದ ಹೊಲಿಗೆಯಿಂದ ಮನೆಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ಅದು ಮನುಷ್ಯನ ಹೆಬ್ಬಮನಿಗೆ ಬದಲಿಯಾಯಿತು. ಆಮೇಲೆ ಹೊಲಿಗೆಯ ಗೆರೆಯಿಲ್ಲದ ಕೊಳವೆ ಬೇಕಾದಾಗ ನೆರವಿಗೆ ಬಂದವರು ಜವಳಿ ವಿದ್ಯೆಯ ಪ್ರಾಧ್ಯಾಪಕರೊಬ್ಬರು. ಅದಕ್ಕಾಗಿ ಅವರು ಹೆಣಿಗೆ ಯಂತ್ರವೊಂದನ್ನೇ ರೂಪಿಸಿದರು. ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಯನ್ನು ಕೊಳವೆಯಾಗಿ ಹೆಣೆಯುವುದನ್ನು ಕಂಡವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಅದೇ ಬಗೆಯ ಹೆಣಿಗೆಯೊಂದು ಇಂದು ಸಾವಿರಾರು ಜನರ ಎದೆ ಹೊಟ್ಟೆಗಳೊಳಗೆ ರಕ್ತ ಸಾಗಿಸುತ್ತಿದೆ.

ಹೊಲಿಗೆ ಇನ್ನೂ ಸಣ್ಣದಾಯಿತು. 1962ರಲ್ಲಿ ಬೋಸ್ಟನ್ನಿನಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನ ತುಂಡಾದ ತೋಳನ್ನು ಮರಳಿ ಕೂಡಿಸಿದರು. 1965ರಲ್ಲಿ ಜಪಾನಿನಲ್ಲಿ ಕೊಮತ್ಸು ಮತ್ತು ತಮಾಯ್ ಎಂಬ ವೈದ್ಯರು ಕಡಿದುಹೋದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ಕೆಳಗೆ ಜೋಡಿಸಿದರು. ಬೆರಳಿನ ನಾಳದ ಅಗಲ ಸುಮಾರು ಒಂದು ಮಿಲಿಮೀಟರು, ಹೊಲಿಯುವ ದಾರ ಕೂದಲಿಗಿಂತ ತೆಳು. ಈ ವಿದ್ಯೆಯಲ್ಲಿ ಕೊಯಮತ್ತೂರು ಇಂದು ಯಾರಿಗೂ ಹಿಂದಲ್ಲ. 1978ರಲ್ಲಿ ಡಾ. ಜೆ. ಜಿ. ಷಣ್ಮುಗನಾಥನ್ ಅವರು ಆರಂಭಿಸಿದ ಗಂಗಾ ಆಸ್ಪತ್ರೆ ಮುರಿದ ಎಲುಬು, ತುಂಡಾದ ಕೈಗಳ ಚಿಕಿತ್ಸೆಗೆ ಜಗತ್ತಿನಲ್ಲೇ ಹೆಸರಾಗಿದೆ. ಚರ್ಮ ಹರಿದು ಎಲುಬು ಹೊರಬಿದ್ದ ಕಾಲನ್ನು ಉಳಿಸಬಹುದೆ, ಕತ್ತರಿಸಬೇಕೆ ಎಂದು ತೀರ್ಮಾನಿಸಲು ಅಲ್ಲಿನ ವೈದ್ಯರು ರೂಪಿಸಿದ ಅಂಕಗಳ ಪಟ್ಟಿ ಆ ಆಸ್ಪತ್ರೆಯ ಹೆಸರಿನಿಂದಲೇ ಹೊರದೇಶಗಳಲ್ಲಿಯೂ ಪ್ರಸಿದ್ಧವಾಗಿದೆ. ಸೋಮನೂರು, ಪಲ್ಲಡಂ ಕಡೆಯ ವಿದ್ಯುತ್ ಮಗ್ಗಗಳು, ತಿರುಪ್ಪೂರಿನ ಹೆಣಿಗೆ ಕಾರ್ಖಾನೆಗಳು, ಎಂಜಿನಿಯರಿಂಗ್ ಶೆಡ್ಡುಗಳು ಇರುವ ಸೀಮೆಗೆ ಕೈಯ ವೈದ್ಯರು ಬೇಕಾದದ್ದು ಸಹಜವೇ.

ಇಲ್ಲಿ ಓದುಗರಿಗೆ ಒಂದು ಮಾತು. ತೋಟದ ಯಂತ್ರದಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಬೆರಳು ಕಡಿದುಹೋದರೆ ಅದನ್ನು ನೀರಿಗೋ ಐಸಿಗೋ ನೇರವಾಗಿ ಹಾಕಬಾರದು. ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸಿನ ಮೇಲಿಟ್ಟು ತಡಮಾಡದೆ ಒಯ್ಯಬೇಕು. ಇಷ್ಟನ್ನು ತಿಳಿಯದೆ ಬೆರಳು ಕಳೆದುಕೊಳ್ಳುವುದು ವಿಷಾದದ ಸಂಗತಿ.

ಹೀಗೆ ದೊಡ್ಡ ನಾಳಕ್ಕೆ ಬಟ್ಟೆಯ ಕೊಳವೆ ಬಂತು, ಸಣ್ಣ ನಾಳಕ್ಕೆ ಸೂಕ್ಷ್ಮ ಹೊಲಿಗೆ ಬಂತು. ಅದಕ್ಕಿಂತಲೂ ಸಣ್ಣದಕ್ಕೆ? ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದಾಗಿ ನುಸುಳಿ ಹೋಗುವ ಲೋಮನಾಳವನ್ನು ಹೊಲಿಯಲು ಯಾವ ಸೂಜಿಯೂ ಇಲ್ಲ. ತೊಡಕು ಇರುವುದು ಇಲ್ಲೇ.

ಟಿಶ್ಯೂ ಎಂಜಿನಿಯರಿಂಗ್ ಎಂಬ ವಿದ್ಯೆ ಪ್ರಸಿದ್ಧಿಗೆ ಬಂದುದು 1993ರಲ್ಲಿ, ಅಮೆರಿಕದ ಲ್ಯಾಂಗರ್ ಮತ್ತು ವಕಾಂಟಿ ಬರೆದ ಲೇಖನದಿಂದ. ದೇಹಕ್ಕೆ ಒಗ್ಗುವ ವಸ್ತುವಿನಿಂದ ಒಂದು ಚೌಕಟ್ಟು ಮಾಡುವುದು, ಅದರಲ್ಲಿ ಜೀವಕೋಶಗಳನ್ನು ಬಿತ್ತುವುದು, ಬೆಳೆದ ಅಂಗಾಂಶವನ್ನು ರೋಗಿಗೆ ಕಸಿಮಾಡುವುದು, ಇದು ಅದರ ಕ್ರಮ. ಚರ್ಮ, ಮೃದ್ವಸ್ಥಿಗಳಂಥ ತೆಳುವಾದ ಅಥವಾ ಹೆಚ್ಚು ರಕ್ತ ಬೇಡದ ಭಾಗಗಳಲ್ಲಿ ಇದು ಸ್ವಲ್ಪಮಟ್ಟಿಗೆ ಕೈಗೂಡಿತು. ದಪ್ಪ ಮಾಂಸ, ಎಲುಬು, ಯಕೃತ್ತು ಎಂದಾಗ ಹೊರಗಿನ ನಾಳಗಳು ಚಿಗುರಿ ಒಳಗೆ ಬರುವ ಮೊದಲೇ ನಡುವಿನ ಕೋಶಗಳು ಸಾಯುತ್ತವೆ. ನಾಲೆ ಬರುವ ಮೊದಲು ನೇಜಿ ನೆಟ್ಟಂತೆ.

ಈ ತೊಡಕಿಗೆ ಪರಿಹಾರ ಹುಡುಕುತ್ತಿದ್ದವರ ಕಣ್ಣು ಕೊಬ್ಬಿನ ಮೇಲೆ ಬಿತ್ತು. ನಾವು ಕೊಬ್ಬನ್ನು ಬರಿಯ ಜಿಡ್ಡಿನ ಗಟ್ಟಿಯೆಂದು ಕಾಣುತ್ತೇವೆ. ನಿಜವಾಗಿ ಅದು ದಟ್ಟವಾದ ರಕ್ತನಾಳಗಳ ಬಲೆಯಲ್ಲಿ ತೂಗಿಬಿದ್ದ ಕೋಶಗಳ ಗೊಂಚಲು. ಕೊಬ್ಬನ್ನು ಕತ್ತರಿಯಿಂದ ಸಣ್ಣಗೆ ಹೆಚ್ಚಿ, ಕೊಲಾಜಿನೇಸ್ ಎಂಬ ಕಿಣ್ವದಲ್ಲಿ ಮೈಬಿಸಿಯಷ್ಟು ಕಾವಿನಲ್ಲಿ ಇಟ್ಟರೆ ಕೋಶಗಳನ್ನು ಹಿಡಿದಿಟ್ಟ ನಾರು ಕರಗುತ್ತದೆ. ಹೆಚ್ಚು ಹೊತ್ತು ಇಟ್ಟರೆ ಎಲ್ಲವೂ ಬಿಡಿಬಿಡಿ ಕೋಶಗಳಾಗುತ್ತವೆ. ಸರಿಯಾದ ಹೊತ್ತಿಗೆ ನಿಲ್ಲಿಸಿ ಸೋಸಿದರೆ ಕೊಬ್ಬು ತೇಲಿಹೋಗಿ ಕಿರುಧಮನಿ, ಲೋಮನಾಳ, ಕಿರುಸಿರೆಗಳ ತುಣುಕುಗಳು ಇಡಿಯಾಗಿ ಉಳಿಯುತ್ತವೆ. ಒಳಪದರವೂ ಹೊರಗಿನ ಆಧಾರಕೋಶಗಳೂ ತಮ್ಮ ತಮ್ಮ ಸ್ಥಾನದಲ್ಲೇ ಇರುತ್ತವೆ, ಜತೆಗೆ ಕಾಂಡಕೋಶಗಳೂ ಇರುತ್ತವೆ. ಬಾವಿಗೆ ಬೇಕಾದ ಕಲ್ಲುಗಳನ್ನು ರಾಶಿ ಹಾಕುವುದು ಒಂದು, ಕಟ್ಟಿದ ಕೊಳವೆಯ ತುಂಡುಗಳನ್ನೇ ತಂದು ಇಳಿಸುವುದು ಇನ್ನೊಂದು. ಇದು ಎರಡನೆಯ ಬಗೆ.

ಅಮೆರಿಕದ ಹೋಯಿಂಗ್, ವಿಲಿಯಮ್ಸ್ ಮೊದಲಾದವರು 1996ರಲ್ಲಿ ಇಂಥ ತುಣುಕುಗಳನ್ನು ಕೊಲಾಜನ್ ಎಂಬ ಅಂಟಿನಲ್ಲಿ ಹುದುಗಿಸಿಟ್ಟಾಗ ಅವು ಚಿಗುರೊಡೆದು ಕವಲಾಗುವುದನ್ನು ತೋರಿಸಿದರು. 2004ರಲ್ಲಿ ಅದೇ ಬಳಗ ಅವನ್ನು ಇಲಿಗಳಲ್ಲಿ ಕಸಿಮಾಡಿ, ಬಹುಬೇಗ ಪ್ರಾಣಿಯ ಸ್ವಂತ ರಕ್ತ ಈ ನಾಳಗಳಲ್ಲಿ ಹರಿಯತೊಡಗಿದ್ದನ್ನು ವರದಿಮಾಡಿತು. ಜರ್ಮನಿಯ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಾಷ್ಕೆ ಮತ್ತು ಮೆಂಗರ್ ಅವರ ಬಳಗ ಇದನ್ನು ಇನ್ನೂ ಮುಂದೆ ಒಯ್ದಿದೆ. ಸುಟ್ಟಗಾಯಕ್ಕೆ ಹೊದಿಸುವ ಕೃತಕ ಚರ್ಮದ ಚೌಕಟ್ಟಿನಲ್ಲಿ ಈ ತುಣುಕುಗಳನ್ನು ಬಿತ್ತಿದಾಗ, ಬಿತ್ತದೆ ಇದ್ದುದಕ್ಕಿಂತ ಬೇಗ ಅದು ಇಲಿಯ ಮೈಗೆ ಹಿಡಿದುಕೊಂಡಿತು. 2021ರಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಈ ನಾಳಗಳೊಂದಿಗೆ ಕೂಡಿಸಿ ಸಕ್ಕರೆ ಕಾಯಿಲೆಯ ಇಲಿಗಳಿಗೆ ಕಸಿಮಾಡಿದ ಪ್ರಯೋಗವೂ ಪ್ರಕಟವಾಯಿತು. ಇವುಗಳ ರಕ್ತದ ಸಕ್ಕರೆ ಹತೋಟಿಗೆ ಬಂತು. ಕೊಬ್ಬಿನಿಂದ ಏನು ಉಪಕಾರ ಎಂದ ಹಿರಿಯರಿಗೆ ಇದೇ ಉತ್ತರ.

ಆದರೆ ಉತ್ತರ ಇಲ್ಲಿಗೇ ಮುಗಿಯಲಿಲ್ಲ. ಮೇಲೆ ಹೇಳಿದ ಫಲವೆಲ್ಲ ಇಲಿಗಳದ್ದು. ಮನುಷ್ಯರ ಕೊಬ್ಬಿನಿಂದಲೂ ತುಣುಕುಗಳನ್ನು ಬೇರ್ಪಡಿಸಿ ಪರೀಕ್ಷಿಸಿದ್ದಾರೆ, ಆದರೆ ಆಸ್ಪತ್ರೆಗೆ ಹೋಗಿ ಹಣಕೊಟ್ಟು ಪಡೆಯುವ ಚಿಕಿತ್ಸೆ ಇದಲ್ಲ. ಮುದಿ ಪ್ರಾಣಿಗಳಿಂದ ತೆಗೆದ ತುಣುಕುಗಳು ಎಳೆಯವುಗಳಷ್ಟು ಚೆನ್ನಾಗಿ ಚಿಗುರುವುದಿಲ್ಲವೆಂದು ಅದೇ ಜರ್ಮನ್ ಬಳಗವೇ ಕಂಡುಕೊಂಡಿದೆ. ಗಾಯ ಮಾಯದೆ ನರಳುವವರಲ್ಲಿ ಹೆಚ್ಚಿನವರು ವಯಸ್ಸಾದವರೇ ಅಲ್ಲವೆ?

ಈ ಎಚ್ಚರಿಕೆ ಹೇಳಲು ಕಾರಣವಿದೆ. ಕೊಬ್ಬಿನಿಂದ ಕಾಂಡಕೋಶ ತೆಗೆದು ಮೊಣಕಾಲಿಗೆ, ಬೆನ್ನಿಗೆ, ಮಕ್ಕಳ ಬುದ್ಧಿಗೆ ಚುಚ್ಚಿ ಗುಣಮಾಡುತ್ತೇವೆಂಬ ಜಾಹೀರಾತುಗಳು ನಮ್ಮ ಪೇಟೆಗಳವರೆಗೂ ಬರುತ್ತಿವೆ. ಎಂಡೋಸಲ್ಫಾನಿನ ಸಂಕಟ ಉಂಡ ಈ ಜಿಲ್ಲೆಯಲ್ಲಿ ಮಗುವಿನ ಗುಣಕ್ಕಾಗಿ ಮನೆ ಮಾರಲೂ ಸಿದ್ಧರಿರುವ ತಾಯಂದಿರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಬಗೆಯ ಕಸಿಯನ್ನು ಬಿಟ್ಟರೆ, ಕಾಂಡಕೋಶದ ಬೇರಾವ ಪ್ರಯೋಗವನ್ನೂ ಒಪ್ಪಿತ ಚಿಕಿತ್ಸೆಯೆಂದು ಮಾರಬಾರದು. ಅನುಮತಿ ಪಡೆದ ಪರೀಕ್ಷೆಯಲ್ಲಿ ಮಾತ್ರ ನಡೆಸಬೇಕು. ಪರೀಕ್ಷೆಯೆಂದ ಮೇಲೆ ರೋಗಿಯಿಂದ ಹಣ ಕೇಳುವವರನ್ನು ನಂಬಬಾರದು ಎಂಬ ಒಂದು ಸೂತ್ರವನ್ನು ಓದುಗರು ನೆನಪಿಟ್ಟರೆ ಸಾಕು.

ಹಾಗೆಂದು ಈ ವಿದ್ಯೆಯನ್ನೇ ದೂರವಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಮಾರುವವರ ಕೈಗೆ ಬೀಳುವ ಮೊದಲು ಸಾರ್ವಜನಿಕ ಸಂಸ್ಥೆಗಳು ಇದನ್ನು ಕೈಗೆತ್ತಿಕೊಳ್ಳಬೇಕೆಂಬುದೇ ನಮ್ಮ ವಾದ. ಇದು ಆಗದ ಮಾತೇನಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಡಾ. ಎಂ. ಎಸ್. ವಲಿಯತ್ತಾನ್ ಅವರ ಮುಂದಾಳ್ತನದಲ್ಲಿ ಹೃದಯದ ಕವಾಟವನ್ನು ಸ್ವದೇಶದಲ್ಲಿಯೇ ತಯಾರಿಸಿತು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ರೋಗಿಗೆ ಅಳವಡಿಸಲಾಯಿತು. ವಿದೇಶೀ ಕವಾಟ ಕೊಳ್ಳಲಾರದ ಬಡವರಿಗೆ ಅದು ವರವಾಯಿತು. ಅದನ್ನು ಹೃದಯಕ್ಕೆ ಹೊಲಿಯುವ ಬಳೆ ಪಾಲಿಯೆಸ್ಟರ್ ಬಟ್ಟೆಯದು. ಕೊಯಮತ್ತೂರಿನಲ್ಲಿ 1956ರಿಂದ ಇರುವ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘ, ಅಂದರೆ ಸಿಟ್ರಾ, ಈಗ ವೈದ್ಯಕೀಯ ಜವಳಿಗಾಗಿಯೇ ಒಂದು ಕೇಂದ್ರವನ್ನು ನಡೆಸುತ್ತಿದೆ. ಗಾಯಗಳನ್ನು ದಿನವೂ ಕಾಣುವ ವೈದ್ಯರು ಅಲ್ಲಿದ್ದಾರೆ, ನೂಲು ಬಲ್ಲವರು ಅಲ್ಲಿದ್ದಾರೆ, ಬೇಡವೆಂದು ಎಸೆಯುವ ಕೊಬ್ಬೂ ಅಲ್ಲಿದೆ. ಚೌಕಟ್ಟು ಹೆಣೆಯುವವರು, ನಾಳ ಬಿತ್ತುವವರು, ರೋಗಿಯನ್ನು ನೋಡುವವರು ಒಂದೇ ಮೇಜಿಗೆ ಕೂತರೆ, ಯಂತ್ರಕ್ಕೆ ಸಿಕ್ಕ ಕೈಗೂ ಸಕ್ಕರೆ ಕಾಯಿಲೆಯಿಂದ ಕೊಳೆಯುವ ಕಾಲಿಗೂ ಈ ನಾಡಿನಲ್ಲೇ ಪರಿಹಾರ ಹುಡುಕಬಹುದು. ಕೇಂದ್ರ ಸರಕಾರವೂ ತಮಿಳುನಾಡು, ಕೇರಳ ಸರಕಾರಗಳೂ ಇದಕ್ಕೆ ಹಣ ಒದಗಿಸಬೇಕು.

ಇನ್ನು ಆ ಕಾಗದದ ವಿಚಾರ. ಎಸೆಯುವ ಕೊಬ್ಬಿಗೆ ಬೆಲೆಯಿಲ್ಲವೆಂದು ತಿಳಿದಿದ್ದಷ್ಟು ಕಾಲ ಆ ಸಾಲನ್ನು ಯಾರೂ ಓದುತ್ತಿರಲಿಲ್ಲ. ಅದರೊಳಗೆ ಇಂಥ ನಿಧಿ ಇದೆಯೆಂದ ಮೇಲೆ ಕೇಳಬೇಕಾದ್ದು ಧರ್ಮ. ಅಮೆರಿಕದಲ್ಲಿ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕರಿಯ ಹೆಂಗಸಿನ ಗೆಡ್ಡೆಯಿಂದ ಅವಳನ್ನು ಕೇಳದೆಯೇ ಕೋಶಗಳನ್ನು ತೆಗೆದರು. ಅವು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬೆಳೆದವು, ಅವುಗಳಿಂದ ಹಲವರು ಹಣ ಮಾಡಿದರು. ಅವಳ ಮನೆಯವರಿಗೂ ಒಂದು ಕಂಪೆನಿಗೂ ರಾಜಿಯಾದದ್ದು 2023ರಲ್ಲಿ, ಎಪ್ಪತ್ತೆರಡು ವರ್ಷಗಳ ಮೇಲೆ.

ನಮ್ಮ ದೇಶದ ನಿಯಮ ಈ ಬಗ್ಗೆ ಬಾಯಿಮುಚ್ಚಿ ಕುಳಿತಿಲ್ಲ. ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯೂ 2019ರ ಹೊಸ ಔಷಧಿ ಮತ್ತು ಚಿಕಿತ್ಸಾ ಪರೀಕ್ಷೆಗಳ ನಿಯಮಗಳೂ, ಒಪ್ಪಿಗೆ ಕೊಡುವವನಿಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸಬೇಕೆಂದು ಹೇಳುತ್ತವೆ. ಓದಲು ಬಾರದವನಿದ್ದರೆ ಪಕ್ಷಪಾತವಿಲ್ಲದ ಸಾಕ್ಷಿಯ ಎದುರಿನಲ್ಲಿ ಓದಿಹೇಳಬೇಕು. ಅರ್ಥವಾಗುವ ಭಾಷೆಯೆಂದರೆ ಆ ರಾಜ್ಯದ ಬಹುಸಂಖ್ಯಾತರ ಭಾಷೆಯೆಂದು ಎಲ್ಲಿಯೂ ಬರೆದಿಲ್ಲ, ರೋಗಿಯ ಭಾಷೆಯೆಂದೇ ಅದರ ಅರ್ಥ.

ಈ ಮಾತು ನಮ್ಮ ಜಿಲ್ಲೆಯೊಂದಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿಯೇ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರಿದ್ದಾರೆ, ಒಕ್ಕಲಿಗರಿದ್ದಾರೆ. ಅವರು ಓದುವುದು ತಮಿಳಿನಲ್ಲಿ, ಅಳುವುದು ಕನ್ನಡದಲ್ಲಿ. ನಮ್ಮ ಮಕ್ಕಳು ಮಲಯಾಳ ಬರೆಯಬಲ್ಲರು, ನಮ್ಮ ಹಿರಿಯರು ಬರೆಯಲಾರರು. ತಿರುಪ್ಪೂರಿನಲ್ಲಿ ದುಡಿಯಲು ಒಡಿಶಾ, ಬಿಹಾರಗಳಿಂದ ಬಂದ ಹುಡುಗರ ಪಾಡೂ ಇದೇ. ಒಂದು ಆಸ್ಪತ್ರೆ ಎಷ್ಟು ಭಾಷೆಗಳಲ್ಲಿ ಕಾಗದ ಅಚ್ಚುಹಾಕಿಸಬೇಕು ಎಂದು ಕೇಳುವವರಿದ್ದಾರೆ. ಬಿಲ್ಲಿನ ಮೊತ್ತವನ್ನು ರೋಗಿಗೆ ತಿಳಿಯುವಂತೆ ಹೇಳಲು ಸಾಧ್ಯವಾಗುವುದಾದರೆ, ಒಪ್ಪಿಗೆಯ ಒಂದು ಪುಟ ಕನ್ನಡದಲ್ಲಿ ಹೇಳಲು ಸಾಧ್ಯವಿಲ್ಲವೆ? ಆ ಊರಿನಲ್ಲಿ ಕನ್ನಡ ಬಲ್ಲ ದಾದಿಯರಿಗೆ, ಗುಮಾಸ್ತರಿಗೆ ಬರವಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಚಿಕಿತ್ಸೆಯ ಒಪ್ಪಿಗೆ ಬೇರೆ, ಸಂಶೋಧನೆಯ ಒಪ್ಪಿಗೆ ಬೇರೆ ಇರಬೇಕು. ಎರಡನೆಯದಕ್ಕೆ ಒಲ್ಲೆನೆಂದರೂ ಮೊದಲನೆಯದಕ್ಕೆ ಕುಂದಾಗಬಾರದು. ಗಡಿಯಾಚೆಯ ರೋಗಿಗಳು ಹೆಚ್ಚಾಗಿ ಬರುವ ಆಸ್ಪತ್ರೆಗಳು, ಮಂಗಳೂರಿನಲ್ಲಿ ಮಲಯಾಳದಲ್ಲಿ, ಕೊಯಮತ್ತೂರಿನಲ್ಲಿ ಕನ್ನಡದಲ್ಲಿ, ನಮ್ಮ ಜಿಲ್ಲೆಯಲ್ಲಿ ಎರಡರಲ್ಲಿಯೂ ಈ ಕಾಗದಗಳನ್ನು ಇಡಬೇಕು. ರುಜು ಹಾಕಿಸುವ ಮೊದಲು ಓದಿಹೇಳಲು ಒಬ್ಬರನ್ನು ನೇಮಿಸಬೇಕು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗೆ ಗಡಿ ಎಂದರೇನೆಂದು ಈ ಜಿಲ್ಲೆ ಕಂಡಿದೆ. ಭಾಷೆಯೂ ಇನ್ನೊಂದು ಗಡಿಯಾಗಬಾರದು.

ಹಿರಿಯರಿಗೆ ಇಷ್ಟನ್ನೂ ಹೇಳಿದೆವು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇನ್ನೊಬ್ಬನ ಕೈ ಉಳಿಯುವುದಾದರೆ ಕೊಬ್ಬು ತೆಗೆದುಕೊಳ್ಳಲಿ ಮಾಸ್ಟ್ರೇ, ಬೇಡ ಅನ್ನುತ್ತಿದ್ದೆನೇ? ಕೇಳಿದ್ದರೆ ಹೂಂ ಅನ್ನುತ್ತಿದ್ದೆ" ಎಂದರು. ಕೇಳಬೇಕಾದವರು ಈ ಮಾತನ್ನು ಕೇಳಿಸಿಕೊಳ್ಳಲಿ. ಅಷ್ಟರವರೆಗೆ, ಇಂಥ ಕಾಗದ ಕೈಗೆ ಬಂದವರು ರುಜು ಹಾಕುವ ಮೊದಲೇ ನಮ್ಮ ಕಚೇರಿಗೆ ಬರಬಹುದು. ಓದಿಹೇಳುವ ಕೆಲಸವನ್ನು ನಾವು ಸಂತೋಷದಿಂದ ಮಾಡುತ್ತೇವೆ.